ಕ್ಲಾರಿನೆಟ್ ಇಳಿದಾಗ

ಆ ಗುರುವಾರದ ರಾದ್ಧಾಂತಕ್ಕೆಲ್ಲ ಮೂಲ ಎದುರುಮನೆ ನರ್ಸಮ್ಮನ ಡ್ಯೂಟಿ ಬದಲಾದದ್ದು. ಮಧ್ಯಾಹ್ನ ಆಸ್ಪತ್ರೆಯಲ್ಲಿರಬೇಕಾದವರು ರಾತ್ರಿ ಪಾಳಿ ಮುಗಿಸಿ ಬಂದು ಮನೆಯಲ್ಲೇ ಮಲಗಿದ್ದರು. ಈ ಸಂಗತಿ ನಕ್ಷೆರಾಯರಿಗೆ ಮೊದಲೇ ಗೊತ್ತಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದೂ ಬರೆದೂ ನಿವೃತ್ತರಾದ್ದರಿಂದ ಅವರಿಗೆ ಆ ಹೆಸರು. ಜೀವಮಾನವೆಲ್ಲ ಗೆರೆ ಎಳೆದವರು, ಗೆರೆ ದಾಟಿದವರಲ್ಲ. ಚಟ ಅಂತ ಇದ್ದದ್ದು ಪೈಪು ಒಂದೇ. ಕಳೆದ ಚಳಿಗಾಲದಲ್ಲಿ ಅವರು ಕೆಮ್ಮಿದ ಕೆಮ್ಮಿಗೆ ಇಡೀ ಕಟ್ಟಡ ಎದ್ದು ಕೂತಾಗ ನರ್ಸಮ್ಮ ಸ್ಟೆತಾಸ್ಕೋಪು ತಂದು ಎದೆಗಿಟ್ಟು, "ರಾಯರೇ, ಒಳಗೆ ಹಳೇ ಬಾಗಿಲು ಕಿರುಗುಟ್ಟಿದ ಹಾಗೆ ಕೇಳ್ತಿದೆ. ಪೈಪು ಇವತ್ತಿಂದ ಬಂದ್" ಎಂದಿದ್ದರು. ರಾಯರ ಹೆಂಡತಿ ಅಲ್ಲೇ, ಆಗಲೇ, ಗಂಡನಿಂದ ಮಾತು ತೆಗೆದುಕೊಂಡಿದ್ದರು.

ಕೊಟ್ಟ ಮಾತನ್ನು ರಾಯರು ಉಳಿಸಿಕೊಂಡೂ ಇದ್ದರು, ಗುರುವಾರದ ಮಧ್ಯಾಹ್ನವೊಂದನ್ನು ಬಿಟ್ಟು. ಪ್ರತಿ ಗುರುವಾರ ಊಟ ಮುಗಿಸಿ ಹೆಂಡತಿ ಊರಾಚೆಯ ತಂಗಿ ಮನೆಗೆ ಬಸ್ಸಿನಲ್ಲಿ ಹೋದರೆ ಬರುವುದು ದೀಪ ಹಾಕುವ ಹೊತ್ತಿಗೆ. ಅಷ್ಟರಲ್ಲಿ ಒಂದೇ ಒಂದು ಪೈಪು. ಆಮೇಲೆ ಬಾಯಿ ಮುಕ್ಕಳಿಸಿ, ನಕ್ಷೆಗಳನ್ನು ಸುತ್ತಿಡುವ ತಗಡಿನ ಕೊಳವೆಯೊಳಗೆ ಪೈಪನ್ನು ಅಡಗಿಸಿ ಅಟ್ಟಕ್ಕೆ ಹಾಕಿದರೆ ಮುಗಿಯಿತು.

ಆದರೆ ಬರೀ ಪೈಪು ಇದ್ದರೆ ಸಾಲದು, ಪ್ಲೇಟೂ ಬೇಕು.

ಮದುವೆಯಾದ ಹೊಸದರಲ್ಲಿ ರಾಯರು ಹಳೇ ಸಾಮಾನಿನ ಅಂಗಡಿಯಿಂದ ದೊಡ್ಡ ತುತ್ತೂರಿಯ ಗ್ರಾಮಾಫೋನ್ ತಂದಿದ್ದರು. ಅದರ ಜೊತೆ ಬಂದದ್ದು ಒಂದೇ ಪ್ಲೇಟು. ಅದರ ಚೀಟಿ ಸವೆದುಹೋಗಿ, ಯಾರು ನುಡಿಸಿದ್ದು, ಏನು ನುಡಿಸಿದ್ದು ಒಂದೂ ತಿಳಿಯದು. ಹಾಡಿಲ್ಲ, ಗದ್ದಲವಿಲ್ಲ. ಒಂದು ಕ್ಲಾರಿನೆಟ್ ಮಹಡಿಯ ಮೆಟ್ಟಿಲಿಳಿಯುವಂತೆ ನಿಧಾನವಾಗಿ ಇಳಿದು, ಕೆಳಗೆ ಒಂದು ಕ್ಷಣ ನಿಂತು, ಮತ್ತೆ ಏರುತ್ತಿತ್ತು. ಇಳಿದಾಗ ಪೈಪು ಎಳೆಯಬೇಕು, ಏರಿದಾಗ ಹೊಗೆ ಬಿಡಬೇಕು. ಹಾಗೆ ಸೇದಿದರೆ ನಾಲಿಗೆ ಸುಡುವುದಿಲ್ಲ, ಬೆಂಕಿಯೂ ಆರುವುದಿಲ್ಲ. ರಾಯರು ಬೇರೆ ಸಂಗೀತಕ್ಕೂ ಸೇದಿ ನೋಡಿದ್ದರು. ಸಿನಿಮಾ ಹಾಡಿಗೆ ಉಸಿರು ಸಿಕ್ಕಿಕೊಂಡಿತು. ಬ್ಯಾಂಡಿನ ವೇಗಕ್ಕೆ ತಂಬಾಕು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಬೂದಿಯಾಯಿತು. ರೇಡಿಯೋದ ವಾರ್ತೆಗಂತೂ ಪೈಪು ಹೊತ್ತಿಕೊಳ್ಳಲೇ ಇಲ್ಲ.

ಒಂದು ಪೈಪು ಮುಗಿಯಬೇಕಾದರೆ ಪ್ಲೇಟನ್ನು ಐದಾರು ಸಲ ಹಾಕಬೇಕು. ಆ ಕಾಲದಲ್ಲಿ ಹಾಕುತ್ತಿದ್ದದ್ದು ಹೆಂಡತಿ. ಒಂಟಿ ಕೋಣೆಯ ಮನೆ, ಇದ್ದದ್ದು ಒಂದೇ ಕುರ್ಚಿ. ಅದರಲ್ಲಿ ರಾಯರು. ಹೆಂಡತಿ ಟ್ರಂಕಿನ ಮೇಲೆ ಕೂತು ಅಂಗಿಗೆ ಗುಂಡಿ ಹೊಲಿಯುತ್ತ, ಪ್ಲೇಟು ಮುಗಿದೊಡನೆ ಕೈಚಾಚಿ ಮುಳ್ಳನ್ನು ಮೊದಲಿಗೆ ತಂದಿಡುತ್ತಿದ್ದರು. ಇಬ್ಬರಿಗೂ ಮಾತೇ ಬೇಕಾಗುತ್ತಿರಲಿಲ್ಲ. ಎಂಥ ಸಂಜೆಗಳವು! ಈಗ ರಾಯರು ತಾವೇ ಎದ್ದು ಕೀ ಕೊಡಬೇಕು. ಏಳುವಾಗಲೆಲ್ಲ ಖಾಲಿ ಟ್ರಂಕಿನ ಕಡೆ ಕಣ್ಣು ಹೋಗಿ ಎದೆಯೊಳಗೆ ಏನೋ ಚುಳ್ಳೆನ್ನುತ್ತಿತ್ತು. ಅದು ತಂಬಾಕಿನಿಂದ ಬಂದ ನೋವಲ್ಲ.

ಆ ಗುರುವಾರ ಪ್ಲೇಟು ಎರಡನೇ ಸಲ ತಿರುಗುತ್ತಿತ್ತು. ಬಾಗಿಲು ದಡದಡ ಬಡಿಯಿತು.

"ರಾಯರೇ! ನೈಟ್ ಡ್ಯೂಟಿ ಮುಗಿಸಿ ಮಲಗಿದೀನಿ, ಏನಿದು ಕಛೇರಿ?"

ರಾಯರು ಪೈಪು ಹಿಡಿದು ಎದ್ದುನಿಂತರು. ತಗಡಿನ ಕೊಳವೆ ಅಟ್ಟದ ಮೇಲಿತ್ತು. ಹತ್ತಿರದಲ್ಲಿದ್ದದ್ದು ಗ್ರಾಮಾಫೋನಿನ ತುತ್ತೂರಿ. ಉರಿಯುತ್ತಿದ್ದ ಪೈಪನ್ನು ಅದರ ಬಾಯಿಗೆ ತುರುಕಿ ಬಾಗಿಲು ತೆಗೆದರು.

ಬೈಯಲು ಬಾಯಿ ತೆರೆದಿದ್ದ ನರ್ಸಮ್ಮ ಹಾಗೇ ನಿಂತರು. "ಅಯ್ಯೋ, ಎಷ್ಟು ಚೆನ್ನಾಗಿದೆ! ನಮ್ಮಪ್ಪನ ನೆನಪಾಯ್ತು ನೋಡಿ" ಎಂದು ಟ್ರಂಕಿನ ಮೇಲೆ ಕೂತೇಬಿಟ್ಟರು. "ಅಲ್ಲ, ಯಾಕೆ ನೆಗಡಿ ಆದವರು ಊದಿದ ಹಾಗಿದೆ?"

"ಹಳೇದು, ವಯಸ್ಸಾಯ್ತು."

"ಏನೋ ವಾಸನೆ ಬೇರೆ?"

"ಕೆಳಗಡೆ ದರ್ಜಿ. ಇಸ್ತ್ರಿ ಹಾಕ್ತಾ ಯಾರದೋ ಪ್ಯಾಂಟು ಸುಟ್ಟಿರ್ತಾನೆ" ಎಂದರು ರಾಯರು. ಅದು ಹಲಗೆ ನೆಲದ ಹಳೇ ಕಟ್ಟಡ, ಮೇಲೆ ಸೂಜಿ ಬಿದ್ದರೆ ಕೆಳಗೆ ದರ್ಜಿಗೆ ಸಿಗುತ್ತಿತ್ತು, ಮೇಲಿನ ಮಾತೂ ಕೇಳಿಸುತ್ತಿತ್ತು. ಆದರೂ ಆ ಹೊತ್ತಿಗೆ ಅವರಿಗೆ ಹೊಳೆದದ್ದು ಅಷ್ಟೇ. "ನೀವು ಹೋಗಿ ಮಲಕ್ಕೊಳ್ಳಿ ನರ್ಸಮ್ಮ, ಪಾಪ, ನಿದ್ದೆಗೆಟ್ಟಿದೀರಿ."

"ಇನ್ನೊಂದ್ಸಲ ಹಾಕಿ, ಕೇಳ್ಕೊಂಡು ಹೋಗ್ತೀನಿ."

ಬಡಪಾಯಿ ರಾಯರು ಕೀ ಕೊಟ್ಟರು. ಕ್ಲಾರಿನೆಟ್ ಇಳಿಯಿತು. ಅದು ಏರತೊಡಗಿದಾಗ ತುತ್ತೂರಿಯ ಬಾಯಿಂದ ನೀಲಿ ಹೊಗೆ ಸುರುಳಿ ಸುರುಳಿಯಾಗಿ ಹೊರಬಂತು, ಗ್ರಾಮಾಫೋನೇ ಕಾಲುಚಾಚಿ ಕೂತು ಪೈಪು ಸೇದುತ್ತಿದೆಯೇನೋ ಎಂಬಂತೆ.

"ಬೆಂಕಿ!" ನರ್ಸಮ್ಮ ಚೀರಿದರು. "ಪೆಟ್ಟಿಗೆಗೆ ಬೆಂಕಿ ಬಿದ್ದಿದೆ!"

ಆ ಒಂದು ಕೂಗಿಗಾಗಿ ಮೇಲಿನ ಮಹಡಿಯ ಫೈರಣ್ಣ ವರ್ಷಗಟ್ಟಲೆ ಕಾದಿದ್ದರು. ಅಗ್ನಿಶಾಮಕ ದಳದಲ್ಲಿ ಇಡೀ ಸರ್ವಿಸು ಕಳೆದರೂ ಅವರ ಪಾಲಿಗೆ ಬಂದದ್ದು ಮರ ಹತ್ತಿ ಇಳಿಯಲಾರದ ಬೆಕ್ಕುಗಳು ಮಾತ್ರ. ನಿವೃತ್ತರಾದಂದಿನಿಂದ ಮೆಟ್ಟಿಲ ತಿರುವಿನಲ್ಲಿ ನೀರು ತುಂಬಿದ ಬಕೆಟ್ಟುಗಳನ್ನು ಸಾಲಾಗಿ ಇಟ್ಟುಕೊಂಡೇ ಇದ್ದರು. ಈಗ ಬರೀ ಬನಿಯನ್ನಿನಲ್ಲೇ, ತಲೆಗೆ ಹಳೇ ಹೆಲ್ಮೆಟ್ಟು ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ನುಗ್ಗಿದರು.

"ಎಲ್ಲಾ ಹಿಂದೆ ಸರೀರಿ!"

ರಾಯರು ಗ್ರಾಮಾಫೋನಿಗೆ ಅಡ್ಡ ನಿಂತರು. ನಿಜ ಹೇಳಿದರೆ ಪೈಪು ಹೋಯಿತು, ಹೇಳದಿದ್ದರೆ ಪ್ಲೇಟು ಹೋಯಿತು. ಒಂದು ಕಡೆ ಹೆಂಡತಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಹೆಂಡತಿ ಮುಳ್ಳಿಡುತ್ತಿದ್ದ ಪ್ಲೇಟು.

"ತಡೀರಿ ಫೈರಣ್ಣ, ಅದು ಬೆಂಕಿ ಅಲ್ಲ!"

"ಹೊಗೆ ಬರ್ತಿದೆಯಲ್ಲ?"

"ಬರ್ತಿದೆ..."

"ಮತ್ತೆ?"

"ಅದು ನಂದು!" ರಾಯರು ಕೂಗಿಬಿಟ್ಟರು. "ನನ್ನ ಪೈಪು ಕಣ್ರೀ ಅದು!"

ಅಷ್ಟು ವರ್ಷ ಕಾದ ಕೈ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಮೊದಲ ಬಕೆಟ್ಟು ರಾಯರಿಗೆ, ಎರಡನೆಯದು ಗ್ರಾಮಾಫೋನಿಗೆ. ಕ್ಲಾರಿನೆಟ್ ಗೊರಗೊರ ಎಂದು ನಿಂತಿತು. ಪೈಪು ತುತ್ತೂರಿಯಿಂದ ಜಾರಿ ನೆಲಕ್ಕೆ ಬಿತ್ತು. ನೀರು ಹಲಗೆಗಳ ಸಂದಿಯಲ್ಲಿ ಮಾಯವಾಯಿತು.

ಕೆಳಗಿನಿಂದ "ಅಯ್ಯಯ್ಯೋ!" ಎಂದು ಒಂದು ಹೆಂಗಸಿನ ದನಿ ಕೇಳಿಸಿತು. ದನಿ ರಾಯರಿಗೆ ತೀರ ಪರಿಚಿತವಾಗಿತ್ತು.

ಮೆಟ್ಟಿಲು ಹತ್ತಿ ಬಾಗಿಲಲ್ಲಿ ಬಂದು ನಿಂತದ್ದು ರಾಯರ ಹೆಂಡತಿ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಗುಂಡಿ ಅರ್ಧ ಹೊಲಿದಿದ್ದ ಯಾರದೋ ಅಂಗಿ. ಹಿಂದೆ ಕೊರಳಲ್ಲಿ ಟೇಪು ನೇತುಹಾಕಿಕೊಂಡ ದರ್ಜಿ.

"ಅಕ್ಕಾ, ನೀವು ತಂಗಿ ಮನೆಗೆ ಹೋಗ್ಲಿಲ್ವಾ?" ನರ್ಸಮ್ಮ ಕೇಳಿದರು.

ಹೆಂಡತಿ ನೆಲದ ಮೇಲಿನ ಪೈಪನ್ನು ನೋಡಿದರು, ತೊಯ್ದ ಗಂಡನನ್ನು ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನಿಸಿರಬೇಕು.

"ಮೊದಲನೇ ಗುರುವಾರ ಹೋಗಿದ್ದೆ. ಮುಂದಿನ ವಾರ ಬಸ್ಸು ತಪ್ಪಿಹೋಯ್ತು. ವಾಪಸ್ ಬರ್ತಾ ಇದ್ರೆ ದರ್ಜಿ ಅಂಗಡಿ ಹತ್ರ ಮೇಲಿಂದ ನಮ್ಮ ಪ್ಲೇಟು ಕೇಳಿಸ್ತು. ಆ ವಾಸನೆನೂ ಬಂತು. ಮೇಲೆ ಬಂದ್ರೆ ಬೈಬೇಕಾಗುತ್ತೆ, ಬೈಯೋಕೆ ಮನಸ್ಸು ಬರ್ಲಿಲ್ಲ. ಅಲ್ಲೇ ಒಂದು ಸ್ಟೂಲ್ ಹಾಕ್ಕೊಂಡು ಕೂತು ಗುಂಡಿ ಹೊಲಿದೆ. ಅವತ್ತಿಂದ ಪ್ರತಿ ವಾರಾನೂ ಅಲ್ಲೇ."

ರಾಯರು ಕಾಲಡಿಯ ಹಲಗೆಗಳನ್ನು ನೋಡಿದರು. ತಾವು ಇಲ್ಲಿ ಖಾಲಿ ಟ್ರಂಕು ನೋಡಿ ಕೊರಗುತ್ತಿದ್ದಾಗ ಅವರು ನೇರ ಕೆಳಗೆ ಕೂತಿದ್ದರು! ಎದೆಯಲ್ಲಿ ಆಸೆಯೊಂದು ಮೊಳೆಯಿತು.

"ಹಾಗಾದ್ರೆ ನಿನಗೆ ಎಲ್ಲಾ ಗೊತ್ತಿತ್ತು! ಇನ್ಮೇಲೆ ನೀನು ಇಲ್ಲೇ ಕೂತ್ಕೋ, ನಾನು ವಾರಕ್ಕೊಂದೇ..."

"ನನಗೆ ಗೊತ್ತಿತ್ತು. ನನಗೆ ಗೊತ್ತಿರೋದು ನಿಮಗೆ ಗೊತ್ತಿರ್ಲಿಲ್ಲ, ಅದಕ್ಕೇ ನಡೀತಿತ್ತು. ಈಗ ಇಡೀ ಕಟ್ಟಡಕ್ಕೇ ಗೊತ್ತಾಯ್ತು. ಇನ್ನು ನಾನು ಯಾವ ಮುಖ ಇಟ್ಕೊಂಡು ಕಣ್ಮುಚ್ಕೊಂಡಿರ್ಲಿ? ಆ ತಂಬಾಕಿನ ಡಬ್ಬಿನೂ ಕೊಡಿ ಇಲ್ಲಿ."

ಪೈಪು, ಡಬ್ಬಿ ಎರಡನ್ನೂ ತೆಗೆದುಕೊಂಡು ಅವರು ಕೆಳಗೆ ಹೋಗಿ ಬರಿಗೈಯಲ್ಲಿ ಬಂದರು.

ಸಂಜೆಯ ಹೊತ್ತಿಗೆ ಗ್ರಾಮಾಫೋನನ್ನು ಒರೆಸಿ, ಒಣಗಿಸಿ, ಎಣ್ಣೆ ಬಿಟ್ಟಾಗಿತ್ತು. ರಾಯರು ಕುರ್ಚಿಯಲ್ಲಿ ಕೂತರು. ಹೆಂಡತಿ ಟ್ರಂಕಿನ ಮೇಲೆ ಕೂತು ಕೀ ಕೊಟ್ಟು ಮುಳ್ಳಿಟ್ಟರು. ಕ್ಲಾರಿನೆಟ್ ಇಳಿಯತೊಡಗಿತು. ಎಲ್ಲವೂ ಆ ಒಂಟಿ ಕೋಣೆಯಲ್ಲಿದ್ದ ಹಾಗೇ ಇತ್ತು. ರಾಯರ ಕೈ ತಾನಾಗಿ ಬಾಯಿಯ ಬಳಿ ಹೋಗಿ, ಏನೂ ಸಿಗದೆ ವಾಪಸು ಬಂತು.

ಅಷ್ಟರಲ್ಲಿ ಹಲಗೆಯ ಸಂದಿಯಿಂದ ವಾಸನೆ ಬಂತು. ಅದೇ ತಂಬಾಕು.

"ಏನೇ ಇದು?"

"ದರ್ಜಿಗೆ ಕೊಟ್ಟೆ. ಇಷ್ಟು ವಾರ ಮೂಸಿ ಮೂಸಿ ಅವರಿಗೂ ಆಸೆ ಹುಟ್ಟಿತ್ತಂತೆ. ಅವರಿಗೇನು, ಕೆಮ್ಮಿಲ್ಲ ದಮ್ಮಿಲ್ಲ." ಹೆಂಡತಿ ಸುಖವಾಗಿ ಕಣ್ಣುಮುಚ್ಚಿಕೊಂಡರು. "ಆ ವಾಸನೆ ಇಲ್ದಿದ್ರೆ ಈ ಪ್ಲೇಟು ಕೇಳಿದ ಹಾಗೇ ಆಗಲ್ಲ ಕಣ್ರೀ."

ಕೆಳಗೆ ದರ್ಜಿ ಬುಸುಬುಸು ಎಳೆದು ಖೊಕ್ ಖೊಕ್ ಎಂದ. ಕ್ಲಾರಿನೆಟ್ ಇನ್ನೂ ಏರುತ್ತಿತ್ತು. ರಾಯರು ತಡೆದುಕೊಂಡರು, ಹಲ್ಲು ಕಚ್ಚಿ ತಡೆದುಕೊಂಡರು. ಕೊನೆಗೆ ಆಗಲಿಲ್ಲ. ಕುರ್ಚಿಯಿಂದಿಳಿದು ನೆಲಕ್ಕೆ ಮಂಡಿಯೂರಿ, ಹಲಗೆಯ ಸಂದಿಗೆ ಬಾಯಿಟ್ಟು ಕೂಗಿದರು:

"ಈಗಲ್ಲ ಕಣಯ್ಯಾ! ಏರುವಾಗ ಬಿಡು, ಇಳಿದಾಗ ಎಳಿ. ತಡಿ... ತಡಿ... ಹಾಂ, ಈಗ ಎಳಿ!"

ಪ್ಲೇಟು ಮುಗಿಯಿತು. ಹೆಂಡತಿ ಕಣ್ಣು ತೆರೆಯದೆಯೇ ಕೈಚಾಚಿ ಮುಳ್ಳನ್ನು ಮೊದಲಿಗೆ ತಂದಿಟ್ಟರು.