ಸೈಬೀರಿಯಾ, ಸಮುದ್ರ ಮತ್ತು ನನ್ನ ಭಾವ

ಭಾವ ಬದುಕಿದ್ದ ಕೊನೆಯ ಮಾಮೂಲಿ ದಿನ ನಾವಿಬ್ಬರೂ ಜಗಳವಾಡಿದ್ದು ಚಳಿಯ ಬಗ್ಗೆ. ಕಾಸರಗೋಡಿನ ಸೆಕೆಯಲ್ಲಿ ಬೈರಾಸಿನಿಂದ ಬೆವರು ಒರೆಸಿಕೊಳ್ಳುತ್ತಾ ಚಳಿಯ ಬಗ್ಗೆ ವಾದಿಸುವವರಿಗೆ ಬುದ್ಧಿ ಎಷ್ಟಿರಬಹುದು, ನೀವೇ ಅಂದಾಜು ಮಾಡಿ.

ಭಾವ ಎಂದರೆ ನನ್ನ ತಂಗಿಯ ಗಂಡ; ಅವರೂ ನನ್ನನ್ನು ಭಾವ ಎಂದೇ ಕರೆಯುತ್ತಿದ್ದರು. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ನಾನು ಹತ್ತನೇ ತರಗತಿ ಮುಗಿಸಿ ಬಟ್ಟೆಯಂಗಡಿಯಲ್ಲಿ ಕೂತವನು. ಚಳಿಗಾಲದಲ್ಲಿ ಅವರ ಹಡಗು ಹೋದ ರಷ್ಯಾದ ಪೂರ್ವದ ಬಂದರಿನಲ್ಲಿ ಕಡಲೇ ಹೆಪ್ಪುಗಟ್ಟಿತ್ತಂತೆ. ಭೂಮಧ್ಯರೇಖೆಯಿಂದ ಅಷ್ಟೇ ದೂರ ದಕ್ಷಿಣಕ್ಕೆ, ಚಿಲಿಯ ತುದಿಗೆ ಹೋದರೆ ಅಲ್ಲಿಯ ಚಳಿಗಾಲದಲ್ಲೂ ಬರೀ ಗಾಳಿ, ಮಳೆ. ಒಂದು ಸ್ವೆಟರ್ ಸಾಕಾಯಿತಂತೆ. ನಾನು ನಂಬಲಿಲ್ಲ. ಅವರು ಅಂಗಳಕ್ಕೆ ಹಾಸಿದ ಇಂಟರ್‌ಲಾಕ್ ಕಲ್ಲು ತೋರಿಸಿದರು. ಅದು ಮಧ್ಯಾಹ್ನ ಕಾಲು ಸುಡುತ್ತದೆ, ಬೆಳಗ್ಗೆ ಕೊರೆಯುತ್ತದೆ. ಬಾವಿಯ ನೀರು ಎರಡು ಹೊತ್ತೂ ಒಂದೇ ಹದ. ಉತ್ತರದ ಚಳಿಯ ಸೀಮೆಯಲ್ಲಿ ನೆಲವೇ ನೆಲ, ದಕ್ಷಿಣದಲ್ಲಿ ಅದೇ ಸೀಮೆಯಲ್ಲಿ ನೀರೇ ನೀರು, ನೆಲವೆಂದರೆ ಒಂದು ಬಾಲದಷ್ಟು. ಅವರು ಇಷ್ಟಕ್ಕೇ ಬಿಡಬಹುದಿತ್ತು.

“ನೀವು ಸೈಬೀರಿಯಾ, ಭಾವ. ಬೇಗ ಕಾಯ್ತೀರಿ, ಬೇಗ ತಣೀತೀರಿ. ನಿಮ್ಮ ತಂಗಿ ಸಮುದ್ರ. ಸಿಟ್ಟು ಬರುವುದೂ ತಡ, ಇಳಿಯುವುದೂ ತಡ” ಎಂದರು. ಒಳಗೆ ಪಾತ್ರೆ ಕುಕ್ಕಿದ ಸದ್ದಾಯಿತು.

“ಹಾಗಾದರೆ ಅಂಟಾರ್ಕ್ಟಿಕಾ ಎಂತ? ಅದರ ಸುತ್ತ ನೀರೇ ಉಂಟಲ್ಲ, ಮತ್ತೆ ಅಷ್ಟು ಚಳಿ ಎಂತಕ್ಕೆ?” ಎಂದೆ.

“ಅದಕ್ಕೆ ನಾಳೆ ಬನ್ನಿ ಮಾರಾಯ್ರೆ.”

ಮರುದಿನ ಬೆಳಗ್ಗೆ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಒಂದು ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಯಾರಾದರೂ ಅಷ್ಟು ದೂರ ಹೋಗುತ್ತಾರೆಯೇ?

ಉತ್ತರ ಆಮೇಲೆ ನಾನೇ ಹುಡುಕಿದೆ. ಸೈಬೀರಿಯಾದಲ್ಲಿ ಬೇಸಗೆ ಬಂದರೆ ಜನ ಬೆವರುತ್ತಾರೆ, ಸೊಳ್ಳೆ ಹೊಡೆಯುತ್ತಾರೆ. ಅಂಟಾರ್ಕ್ಟಿಕಾದಲ್ಲಿ ಬೇಸಗೆಯಲ್ಲೂ ಹಿಮವೇ. ಬಿದ್ದ ಬಿಸಿಲನ್ನು ಹಿಮ ಹಿಂದಕ್ಕೆ ಕಳಿಸುತ್ತದೆ, ನೆಲ ಕಾಯುವುದೇ ಇಲ್ಲ, ಹಾಗಾಗಿ ಅದರ ಚಳಿಯ ಜಾತಿಯೇ ಬೇರೆ. ಆದರೆ ಇದನ್ನು ಯಾರಿಗೆ ಹೇಳುವುದು? ಈಗ ನನ್ನನ್ನು ರೇಗಿಸುತ್ತಿರುವುದು ಊರವರ ಸೌಜನ್ಯ. ಪಾಪ, ದುಃಖದಲ್ಲಿದ್ದಾನೆಂದು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಪರೀಕ್ಷೆಗೆಂದು, ಭೂಮಧ್ಯರೇಖೆಯ ದಕ್ಷಿಣದವರ ಸೂರ್ಯ ಸ್ವಲ್ಪ ಸಣ್ಣದು ಎಂದೆ. ಪಕ್ಕದ ಮನೆಯ ಮಾಷ್ಟ್ರು, ವಿಜ್ಞಾನ ಕಲಿಸಿದವರು, “ಇರಬಹುದು” ಎಂದರು. ನನಗೆ ಮೈಯೆಲ್ಲ ಉರಿಯಿತು. ಆ ಸಣ್ಣ ಸೂರ್ಯನ ಮಾತನ್ನೇ ತಂಗಿಗೂ ಹೇಳಿದೆ. ಅವಳು ಅಭ್ಯಾಸಬಲದಿಂದ ಎರಡು ಲೋಟ ಚಾ ತಂದಿಟ್ಟು, “ಹೌದಣ್ಣ” ಎಂದಳು.

ಎರಡನ್ನೂ ನಾನೇ ಕುಡಿದೆ. ಸೈಬೀರಿಯಾ ಈ ಸಲ ಬೇಗ ತಣಿಯುತ್ತಿಲ್ಲ. ಜಗಲಿಯಲ್ಲಿ ಎರಡು ಕುರ್ಚಿಗಳಿವೆ, ವಾದಕ್ಕೆ ವಿಷಯವೂ ಇದೆ. “ಅಲ್ಲ ಭಾವ” ಎನ್ನುವವರು ಇಲ್ಲ.