ಮೊದಲು ನೀವು ಒಗೆಯಿರಿ

...ಇಲ್ಲ, ನಮ್ಮ ಕಟ್ಟಡದ ಫರ್ಹಾದ್ ಆವತ್ತು ಬಟ್ಟೆಯ ಬುಟ್ಟಿ ಹಿಡಿದು ಬಂದಿದ್ದನೋ, ಬರಿಗೈಯಲ್ಲಿ ಬಂದಿದ್ದನೋ ಎನ್ನುವುದೇ ನನಗೆ ಖಚಿತವಿಲ್ಲ. ಈ ಕತೆಯನ್ನು ಹೇಳುವಾಗಲೆಲ್ಲ ಅವನ ಕೈಗೆ ಒಂದು ಬುಟ್ಟಿ ಕೊಟ್ಟಿದ್ದೇನೆ. ಈಚೆಗೆ ಅದಕ್ಕೆ ನೀಲಿ ಬಣ್ಣವೂ ಬಂದಿದೆ. ನಂಬಬೇಡಿ. ನಂಬಬಹುದಾದದ್ದು ಇಷ್ಟೇ: ಮರುದಿನ ಬೆಳಿಗ್ಗೆ ನನ್ನ ಹೆಂಡತಿ ಸುಧಾ ಬೆಂಗಳೂರಿನಿಂದ ಬಂದಿಳಿಯುವವಳಿದ್ದಳು, ಮತ್ತು ಮನೆಯಲ್ಲಿ ಒಗೆದ ಬೆಡ್‌ಶೀಟ್ ಒಂದೂ ಇರಲಿಲ್ಲ. "ರೀ, ಬೆಡ್‌ಶೀಟಾದ್ರೂ ಒಗ್ದಿದೀರಾ?" ಎಂದು ಅವಳು ಫೋನಿನಲ್ಲಿ ಕೇಳಿದ್ದಳು. "ಎಲ್ಲಾ ಪಳಪಳ ಅಂತಿದೆ ಮಾರಾಯ್ತಿ" ಎಂದುಬಿಟ್ಟಿದ್ದೆ.

ಸ್ವೀಡನ್ನಿನ ಕಿಸ್ಟಾದ ನಮ್ಮ ಕಟ್ಟಡದಲ್ಲಿ ಬಟ್ಟೆ ಒಗೆಯಲು ನೆಲಮಾಳಿಗೆಗೆ ಇಳಿಯಬೇಕು. ಅಲ್ಲಿನ ಯಂತ್ರಕ್ಕೆ ಮೊದಲೇ ಹೊತ್ತು ಕಾದಿರಿಸಬೇಕು. ಆಫೀಸಿನ ಮೀಟಿಂಗ್ ರೂಮನ್ನು ವಾರಗಳ ಮೊದಲೇ ಹಿಡಿದಿಡುವ ನನಗೆ, ಚಡ್ಡಿ ಬನಿಯನ್ನಿಗೂ ಅಷ್ಟೇ ಮುಂದಾಲೋಚನೆ ಬೇಕೆನ್ನುವುದು ತಲೆಗೆ ಹೋಗಿರಲಿಲ್ಲ. ಸಂಜೆ ಗಂಟು ಹೊತ್ತು ಇಳಿದರೆ ಅಲ್ಲಿ ಇಬ್ಬರು ಜಗಳಕ್ಕೆ ನಿಂತಿದ್ದರು. ಅಂದಿನ ಕೊನೆಯ ಹೊತ್ತು ಇರಾನಿನ ಫರ್ಹಾದನದು. ನನ್ನ ಹಾಗೆಯೇ ಆಸೆಯಿಂದ ಗಂಟು ತಂದಿದ್ದ ಇನ್ನೊಬ್ಬ, ತಾಜಿಕಿಸ್ತಾನದಿಂದ ಸಂಶೋಧನೆಗೆ ಬಂದಿದ್ದ ರುಸ್ತಂ. ಜಗಳ ಯಂತ್ರಕ್ಕಲ್ಲ, ಭಾಷೆಗೆ.

"ಇವನು ಮಾತಾಡೋದು ನಮ್ಮ ಫಾರ್ಸಿನೇ. ರಷ್ಯನ್ ಅಕ್ಷರದಲ್ಲಿ ಬರೆದ್ಬಿಟ್ಟು ತಾಜಿಕ್ ಅಂತಾನೆ" ಎಂದು ಫರ್ಹಾದ್ ನನಗೆ ಇಂಗ್ಲಿಷಿನಲ್ಲಿ ದೂರು ಹೇಳಿದ.

"ಹಳೇ ಮಾತು ಉಳಿದಿರೋದೇ ನಮ್ಮಲ್ಲಿ. ಇವರದು ಟೆಹರಾನಿನ ಫ್ಯಾಷನ್ನು" ಎಂದ ರುಸ್ತಂ.

ಹಾಗಾದರೆ ಕಾಬೂಲಿನವರ ದರಿ ಭಾಷೆ ಬೇರೆಯೋ, ಅದೂ ಇದೇಯೋ ಎಂದು ಮತ್ತೆ ಹತ್ತಿಕೊಂಡಿತು. ಒಬ್ಬನ ಮಾತು ಇನ್ನೊಬ್ಬನಿಗೆ ಪೂರ್ತಿ ತಿಳಿಯುತ್ತಿದ್ದುದರಿಂದಲೇ ಜಗಳ ಅಷ್ಟು ಸೊಗಸಾಗಿ ಸಾಗಿತ್ತು. ಕುಂದಾಪುರದ ನಾನು, ಮೈಸೂರಿನ ಸುಧಾ ಜಗಳವಾಡುವುದೂ ಹೀಗೆಯೇ.

ನನ್ನ ಗಂಟು ಕಂಡು, ನಾಳೆ ಹೆಂಡತಿ ಬರುತ್ತಾಳೆಂದು ಕೇಳಿದ್ದೇ ಇಬ್ಬರೂ ಒಂದಾದರು. "ಹೆಂಡತಿ ಬರ್ತಿದಾರಾ? ಹಾಗಾದ್ರೆ ಮೊದಲು ನೀವು ಒಗೀರಿ" ಎಂದ ಫರ್ಹಾದ್. ನಾನೋ, ಎರಡನೇ ಹೋಳಿಗೆಗೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದಾದರೂ ಬೀಳಲಿ ಎಂದು ಕಾಯುವ ಊರಿನವನು. "ಛೆ ಛೆ, ಬೇಡ" ಎಂದೆ. "ನನ್ನಾಣೆ, ನೀವೇ." "ಖಂಡಿತ ಬೇಡ, ರುಸ್ತಂ ಮೊದಲು ಬಂದಿದಾನೆ." ರುಸ್ತಂ ಎದೆಗೆ ಕೈಯಿಟ್ಟು ಬಾಗಿ, ಫರ್ಹಾದನೇ ಮೊದಲೆಂದ. ಫರ್ಹಾದನೂ ಎದೆಗೆ ಕೈಯಿಟ್ಟು ಬಾಗಿದ. ಭಾಷೆ ಎರಡೋ ಮೂರೋ, ಉಪಚಾರದಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇನ್ನೊಂದು ಸಲ ಒತ್ತಾಯಿಸಿದರೆ ಒಪ್ಪಿಬಿಡೋಣವೆಂದು ನಾನು ಕಾಯುತ್ತಿದ್ದೆ.

ಆಗ ಬಾಗಿಲಲ್ಲಿ ಕೆಳಮನೆಯ ಸ್ವೀಡಿಷ್ ಅಜ್ಜಿ ಕಾಣಿಸಿಕೊಂಡರು. ಅರ್ಧ ಗಂಟೆಯೊಳಗೆ ಯಂತ್ರ ಶುರುವಾಗದಿದ್ದರೆ ಆ ಹೊತ್ತನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದೆಂಬುದು ಕಟ್ಟಡದ ನಿಯಮ. ನಮ್ಮ ಅರ್ಧ ಗಂಟೆ ಉಪಚಾರದಲ್ಲೇ ಮುಗಿದಿತ್ತು.

"ನೀವು ಯಾರೂ ಒಗೀತಿಲ್ವಾ?"

"ಇಲ್ಲ ಇಲ್ಲ, ಮೊದಲು ನೀವು!" ಎಂದೆವು, ಮೂವರೂ ಒಟ್ಟಿಗೆ.

ಅಜ್ಜಿ ಚುಟುಕಾಗಿ ಧನ್ಯವಾದ ಹೇಳಿ, ಒಳಗೆ ಹೋಗಿ, ಮನೆಯ ಪರದೆಗಳನ್ನೆಲ್ಲ ತುರುಕಿ ಗುಂಡಿ ಒತ್ತಿದರು. ಶಾಸ್ತ್ರಕ್ಕಾದರೂ ಒಂದು "ಬೇಡ" ಎನ್ನಲಿಲ್ಲ.

ಸುಧಾ ಬಂದಳು. ಬೆಡ್‌ಶೀಟನ್ನು ಮಗುಚಿ ಹಾಸಿದ್ದೆ. ಕೂತವಳು ಮೂಗು ಅರಳಿಸಿ, "ಪಳಪಳ ಅಂದ್ರಿ?" ಎಂದಳು. ಎಲ್ಲವನ್ನೂ ಹೇಳಿದೆ. "ಅಲ್ರೀ, ಮೊದಲನೇ ಸಲವೇ ಹ್ಞೂಂ ಅಂದಿದ್ರೆ ಅವರು ನಿಜವಾಗ್ಲೂ ಬಿಟ್ಕೊಡ್ತಿದ್ರಾ?"

ಫರ್ಹಾದ್ ಮನಸಾರೆ ಹೇಳಿದನೋ, ನಾನು ಹೇಗೂ ಬೇಡವೆನ್ನುತ್ತೇನೆಂಬ ಧೈರ್ಯದಿಂದ ಹೇಳಿದನೋ? ಆವತ್ತು ಒಗೆಯಲೆಂದೇ ಬಂದವನ ಹಾಗೆ ಅವನ ಕೈಯಲ್ಲಿ ಬುಟ್ಟಿ ಇತ್ತೇ ಎನ್ನುವುದು ನೆನಪಾದರೆ ಉತ್ತರ ಸಿಕ್ಕೀತು. ನೆನಪಿಲ್ಲ.