ಸ್ಟೂಲು ಸಮೇತ ಲ್ಯಾಪ್‌ಟಾಪ್

"ನನ್ನ ಲ್ಯಾಪ್‌ಟಾಪ್ ಕದಿಯೋ ಕಳ್ಳ ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ ರೀ! ಹುಟ್ಟಿದ್ರೂ ಸೋಮವಾರದೊಳಗೆ ದೊಡ್ಡೋನಾಗಲ್ಲ!"

ನಾನು ಹೀಗೆ ಘೋಷಿಸಿದ್ದು ಶನಿವಾರ ಸಂಜೆ, ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದ ನನ್ನ ಗಂಡನ ಎದುರು. ಅವರು ದರ್ಜಿ. ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬಾಯಲ್ಲಿ ಸದಾ ಎರಡು ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಮಾತು ಕಡಿಮೆ. ಸೂಜಿ ತೆಗೆದು ಮಾತಾಡಿದರೆ ಮಾತ್ರ ಅದು ಸೂಜಿಗಿಂತ ಚೆನ್ನಾಗಿ ಚುಚ್ಚುತ್ತದೆ.

ಸೂಜಿ ತೆಗೆದರು. "ಲ್ಯಾಪ್‌ಟಾಪ್ ನಿಂದಲ್ಲ, ಆಫೀಸಿಂದು."

ನಿಜ, ಆಫೀಸಿನದೇ. ನಾನು ಪೈಪು, ನಲ್ಲಿ, ವಾಲ್ವು ಮಾರುವ ಕಂಪನಿಯೊಂದರ ಗೋಡೌನಿನಲ್ಲಿ ಹನ್ನೊಂದು ವರ್ಷದಿಂದ ಗುಮಾಸ್ತೆ. ಈಗ ಕಂಪನಿಯವರು ನಮ್ಮ ಗೋಡೌನಿನ ಗುಮಾಸ್ತರನ್ನೆಲ್ಲ ಒಂಬತ್ತು ಗಂಟೆ ದೂರದ ದೊಡ್ಡ ಡಿಪೋಗೆ ಎತ್ತಿ ಹಾಕಲು ಹೊರಟಿದ್ದರು. ಊರಲ್ಲಿ ಉಳಿಯುವ ಹುದ್ದೆ ಒಂದೇ, ಭದ್ರತಾ ಅಧಿಕಾರಿಯದು. ಅದಕ್ಕೆ ಅರ್ಜಿ ಹಾಕಿದವರು ಐದು ಜನ. ಸೋಮವಾರ ಹನ್ನೊಂದಕ್ಕೆ ಪ್ರಧಾನ ಕಚೇರಿಗೆ ಹೋಗಿ, ಗೋಡೌನನ್ನು ಹೇಗೆ ಕಾಯುತ್ತೇವೆಂದು ಲ್ಯಾಪ್‌ಟಾಪಿನಲ್ಲಿ ವರದಿ ತೋರಿಸಬೇಕು.

ಹುದ್ದೆ ಸಿಗದಿದ್ದರೆ? ನಾನು ಡಿಪೋದಲ್ಲಿ, ಇವರು ಇಲ್ಲಿ. ಇಪ್ಪತ್ತು ವರ್ಷದ ಗಿರಾಕಿಗಳನ್ನು ಬಿಟ್ಟು ಇವರು ಬರುವ ಹಾಗಿಲ್ಲ. ಸಂಜೆ ಮನೆಗೆ ಬಂದರೆ ಜಗಳಕ್ಕೆ ಒಂದು ಜನ ಬೇಡವೇ? ಅದಕ್ಕೇ ಈ ಸಲ ಯಾವುದನ್ನೂ ಅದೃಷ್ಟಕ್ಕೆ ಬಿಡಬಾರದೆಂದು ಪಣ ತೊಟ್ಟು ಕಂಪ್ಯೂಟರ್ ಸಾಮಾನಿನ ಅಂಗಡಿಗೆ ನುಗ್ಗಿದ್ದೆ.

"ಪ್ರಯಾಣಕ್ಕೆ ಬೇಕಾ, ಆರಾಮಕ್ಕೆ ಬೇಕಾ, ಸುರಕ್ಷತೆಗೆ ಬೇಕಾ ಮೇಡಂ?" ಅಂದ ಅಂಗಡಿಯಾತ.

"ಮೂರಕ್ಕೂ!" ಅಂದೆ. ಅವನು ತಕ್ಷಣ ನನಗೆ ಕುರ್ಚಿ ಹಾಕಿಸಿದ.

ಮನೆಗೆ ಬಂದದ್ದು ಒಂದು ದಿಬ್ಬಣ! ಹದಿನಾಲ್ಕು ಜಿಪ್ಪಿನ ಬೆನ್ನುಚೀಲ, ಅದರಲ್ಲಿ ಐದು ಜಿಪ್ಪು ಕಳ್ಳನಿಗೂ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಬಸ್ಸಿನಲ್ಲಿ ತೂಕಡಿಸಲು ಕತ್ತಿನ ದಿಂಬು. ತೊಡೆ ಸುಡದಿರಲು ಫ್ಯಾನಿನ ಹಲಗೆ. ಪಕ್ಕದವರು ಇಣುಕಿದರೆ ಪರದೆ ಕಪ್ಪಗೆ ಕಾಣುವ ಹಾಳೆ. ನೇರ ಎದುರಿಗೆ ಕೂತವರಿಗೆ ಮಾತ್ರ ಅಕ್ಷರ ಕಾಣಿಸುತ್ತದೆ. ಪೆನ್‌ಡ್ರೈವು, ವೈರು ಚುಚ್ಚುವ ತೂತುಗಳಿಗೆಲ್ಲ ಜಡಿಯಲು ಪುಟ್ಟ ಬಿರಡೆಗಳು. ಇವೆಲ್ಲದರ ಚಕ್ರವರ್ತಿಯಾಗಿ, ಮೂರಂಕಿಯ ನಂಬರ್ ಲಾಕು! ಉಕ್ಕಿನ ಹಗ್ಗದ ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಯಾವುದಾದರೂ ಗಟ್ಟಿ ವಸ್ತುವಿಗೆ.

ಭಾನುವಾರವಿಡೀ ಅಳವಡಿಕೆಯ ಮಹಾಯಜ್ಞ. ಕಪ್ಪು ಹಾಳೆಯ ಅಂಟು ನನಗೇಕೋ ಸಡಿಲ ಅನ್ನಿಸಿತು. ಗೋಡೌನಿನವಳಲ್ಲವೇ, ಪೈಪು ಜೋಡಿಸುವ ಅಂಟು ತಂದು ನಾಲ್ಕೂ ಅಂಚಿಗೆ ಬಳಿದೆ. ತೂತುಗಳಿಗೆಲ್ಲ ಬಿರಡೆ ಜಡಿದೆ. ಒಮ್ಮೆ ಕೂತರೆ ಅವು ಏಳುವುದಿಲ್ಲ. ಇಂಟರ್‌ನೆಟ್ಟಿನಿಂದಲೂ ಕಳ್ಳರು ಬರುತ್ತಾರಂತೆ, ಅದನ್ನೂ ಕಡಿದು ಹಾಕಿದೆ. ವರದಿಯ ಉಳಿದ ಪ್ರತಿಗಳನ್ನೆಲ್ಲ ಅಳಿಸಿದೆ.

"ಒಂದಾದ್ರೂ ಬೇರೆ ಕಡೆ ಇಟ್ಕೋಬಾರ್ದಾ?" ಅಂದರು ಇವರು.

"ಎರಡು ಪ್ರತಿ ಇದ್ರೆ ಕಳ್ಳನಿಗೆ ಎರಡು ದಾರಿ! ನೀವು ಸೂಜಿ ದಾರ ನೋಡ್ಕೊಳ್ಳಿ!"

ಅವರು ಸೂಜಿ ದಾರ ನೋಡಿಕೊಂಡರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಬಸ್ಸು. ಆರಕ್ಕೇ ಸಿಂಗರಿಸಿಕೊಂಡು ನಿಂತೆ. ಕೊನೆಯದಾಗಿ ಲಾಕಿನ ತಾಲೀಮು ಮಾಡೋಣವೆನ್ನಿಸಿತು. ಪೆಟ್ಟಿಗೆಯಲ್ಲಿ ಒಂದು ಸೂಚನಾ ಚೀಟಿ ಇತ್ತು. ಚೀಟಿ ಓದುವುದು ಅಂಜುಬುರುಕರ ಕೆಲಸವೆಂದು ಭಾನುವಾರವೇ ಕಸದ ಬುಟ್ಟಿಗೆ ಹಾಕಿದ್ದೆ. ಬ್ರಹ್ಮನಿಗೂ ಹೊಳೆಯದ ಸಂಖ್ಯೆಯನ್ನು ಆರಿಸಿಕೊಂಡಿದ್ದೆ. ನಾನೂರ ಹದಿನೇಳು. ನಮ್ಮ ಗೋಡೌನಿನಲ್ಲಿ ಅರ್ಧ ಇಂಚಿನ ಹಿತ್ತಾಳೆ ವಾಲ್ವು ಇಡುವ ಕಪಾಟಿನ ನಂಬರು! ಲಾಕಿನ ಗಾಲಿಗಳನ್ನು ಅದಕ್ಕೆ ತಿರುಗಿಸಿ, ಗಟ್ಟಿ ವಸ್ತುವಿಗಾಗಿ ಸುತ್ತ ನೋಡಿದೆ. ಹೊಲಿಗೆ ಯಂತ್ರದ ಮುಂದೆ ಇವರ ಕಬ್ಬಿಣದ ಸ್ಟೂಲಿತ್ತು. ನಾಲ್ಕು ಕಾಲು, ಸುತ್ತಲೂ ಬೆಸುಗೆ ಹಾಕಿದ ಅಡ್ಡಪಟ್ಟಿ. ಹಗ್ಗವನ್ನು ಪಟ್ಟಿಯ ಸುತ್ತ ತಂದು, ಲಾಕನ್ನು ಲ್ಯಾಪ್‌ಟಾಪಿಗೆ ಒತ್ತಿದೆ. ಕಟಕ್! ಗಾಲಿಗಳನ್ನು ಕಲೆಸಿಬಿಟ್ಟೆ.

"ರೀ, ಈಗ ನೀವು ಕಳ್ಳ. ಕದೀರಿ ನೋಡೋಣ!"

"ಕೆಲಸ ಇದೆ ಕಣೇ. ನಾಳೆಗೆ ಎಂಟು ಶರ್ಟು ಕೊಡ್ಬೇಕು."

"ಎರಡೇ ನಿಮಿಷ! ಕಳ್ಳ ಆಗೋಕೂ ಸೋಮಾರಿತನಾನಾ?"

ಅವರು ನಿಟ್ಟುಸಿರುಬಿಟ್ಟು ಬಂದರು. ಲ್ಯಾಪ್‌ಟಾಪನ್ನು ಒಂದು ಕಂಕುಳಿಗೆ, ಸ್ಟೂಲನ್ನು ಇನ್ನೊಂದು ಕೈಗೆ ತೆಗೆದುಕೊಂಡು ನೆಟ್ಟಗೆ ಅಡುಗೆಮನೆಗೆ ನಡೆದರು. ಒಳಗಿನಿಂದ ದನಿ ಬಂತು: "ಕದ್ದಾಯ್ತು. ಕಾಫಿ ಮಾಡ್ಲಾ?"

"ಯಾವ ಕಳ್ಳ ರೀ ಸ್ಟೂಲು ಹೊತ್ಕೊಂಡು ಬೀದೀಲಿ ಓಡ್ತಾನೆ? ಅವನಿಗೆ ಮಾನ ಮರ್ಯಾದೆ ಬೇಡ್ವಾ?" ಎಂದು ರೇಗಿ, ಎರಡನ್ನೂ ಕಸಿದು ತಂದು ಲಾಕಿನ ಗಾಲಿ ತಿರುಗಿಸಿದೆ. ನಾಲ್ಕು, ಒಂದು, ಏಳು.

ಬರಲಿಲ್ಲ.

ಇನ್ನೊಮ್ಮೆ ತಿರುಗಿಸಿದೆ. ಬರಲಿಲ್ಲ. ಏಳು, ಒಂದು, ನಾಲ್ಕು. ಬರಲಿಲ್ಲ. ಎಳೆದೆ, ಅಲ್ಲಾಡಿಸಿದೆ, ಬೈದೆ, ಮುದ್ದು ಮಾಡಿದೆ. ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

"ಮೂರಂಕಿ ಅಂದ್ರೆ ಒಟ್ಟು ಸಾವಿರ ನಂಬರು," ಅಂದರು ಇವರು ಕಾಫಿ ಲೋಟ ಹಿಡಿದು. "ಸೊನ್ನೆಯಿಂದ ಶುರು ಮಾಡಿ ಒಂದೊಂದೇ ನೋಡ್ತಾ ಹೋಗು."

"ಸೊನ್ನೆಯಿಂದ ಶುರು ಮಾಡೋದು ಕಳ್ಳರು! ನಾನು ಮಾಲೀಕಿ!" ಎಂದು ಒಂಬೈನೂರ ತೊಂಬತ್ತೊಂಬತ್ತರಿಂದ ಹಿಂದಕ್ಕೆ ಬರತೊಡಗಿದೆ. ಏಳುನೂರ ಮೂವತ್ತಕ್ಕೆ ಬರುವಷ್ಟರಲ್ಲಿ ಬೆರಳಿಗೆ ಬೊಬ್ಬೆ ಬಂದು ಗಡಿಯಾರ ಆರೂವರೆ ತೋರಿಸುತ್ತಿತ್ತು.

"ರೀ, ನಿಮ್ಮ ದೊಡ್ಡ ಕತ್ತರಿ ಕೊಡಿ!"

ಮದುವೆಯಾದಂದಿನಿಂದ ಅವರು ನನ್ನ ಮೇಲೆ ದನಿ ಎತ್ತಿದ್ದಿಲ್ಲ. ಅವತ್ತು ಎತ್ತಿದರು. "ಕತ್ತರಿ ಮುಟ್ಟಿದ್ರೆ ನೋಡು! ಬಟ್ಟೆ ಕತ್ತರಿ ಅದು! ಉಕ್ಕಿಗೆ ಹಾಕ್ತಾರಾ?"

"ಹಾಗಾದ್ರೆ ಸ್ಟೂಲಿನ ಪಟ್ಟಿನೇ ಗರಗಸದಲ್ಲಿ ಕೊಯ್ಯೋಣ!"

"ಗರಗಸ ಎಲ್ಲಿದೆ?"

ಗರಗಸ ನಮ್ಮ ಗೋಡೌನಿನಲ್ಲಿತ್ತು. ಗೋಡೌನು ತೆಗೆಯುವುದು ಒಂಬತ್ತಕ್ಕೆ. ನಾನು ನೆಲದ ಮೇಲೆ ಕುಸಿದು ಕೂತೆ. ಹನ್ನೊಂದು ವರ್ಷದ ದುಡಿಮೆ, ನಲವತ್ತು ಪುಟದ ವರದಿ, ಎಲ್ಲ ಒಂದು ಸ್ಟೂಲಿನ ಕಾಲಿಗೆ ಬಿದ್ದಿತ್ತು. ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಇವರು ಬಾಯಿಂದ ಸೂಜಿ ತೆಗೆದು ಮೆಲ್ಲಗೆ ಅಂದರು: "ಸ್ಟೂಲು ಸಮೇತ ಹೋಗು."

"ನೀವು ಎಲ್ಲಿ ಕೂತ್ಕೋತೀರಿ? ಎಂಟು ಶರ್ಟು?"

"ಒಂದು ದಿನ ನಿಂತು ಹೊಲೀತೀನಿ. ನೀನು ಒಂಬತ್ತು ಗಂಟೆ ದೂರ ಹೋಗೋದಕ್ಕಿಂತ ಅದು ವಾಸಿ. ಏಳು, ಬಸ್ಸು ಹೋಗತ್ತೆ."

ಹೀಗೆ, ಬೆನ್ನಲ್ಲಿ ಹದಿನಾಲ್ಕು ಜಿಪ್ಪಿನ ಚೀಲ, ಕುತ್ತಿಗೆಗೆ ದಿಂಬು, ಎಡಗೈಯಲ್ಲಿ ಲ್ಯಾಪ್‌ಟಾಪ್, ಬಲಗೈಯಲ್ಲಿ ಸ್ಟೂಲು ಹಿಡಿದು ನಾನು ಬೀದಿಯಲ್ಲಿ ಓಡಿದೆ. ಎದುರು ಮನೆಯವರು ಹಲ್ಲುಜ್ಜುವುದನ್ನೇ ಮರೆತು ನೋಡುತ್ತಿದ್ದರು.

ಬಸ್ಸು ಕಿಕ್ಕಿರಿದಿತ್ತು. ಕಂಡಕ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನಿದು ಮೇಡಂ?"

"ಲ್ಯಾಪ್‌ಟಾಪು."

"ಅದು ಗೊತ್ತಾಯ್ತು. ಅದಕ್ಕೆ ಕಟ್ಟಿರೋದು?"

"ಅದರ ಭದ್ರತೆ."

"ಭದ್ರತೆಗೆ ಲಗೇಜ್ ಚಾರ್ಜ್ ಆಗತ್ತೆ," ಅಂದು ಟಿಕೆಟ್ ಹರಿದ.

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಇಡೀ ಬಸ್ಸಿನಲ್ಲಿ ಸೀಟಿಲ್ಲದೆ ಜನ ನೇತಾಡುತ್ತಿದ್ದಾಗ ನಾನೊಬ್ಬಳು ನಡುವಿನ ದಾರಿಯಲ್ಲಿ ಮಹಾರಾಣಿಯಂತೆ ಸ್ಟೂಲಿನ ಮೇಲೆ ಕೂತಿದ್ದೆ. ಆದರೆ ವೈಭವ ಮುಕ್ಕಾಲು ಗಂಟೆಯದು. ಅಜ್ಜಿಯೊಬ್ಬರು ಹತ್ತಿ, "ಮಗಳೇ, ಮಂಡಿ ನೋವು," ಅಂದರು. ಬಿಟ್ಟುಕೊಟ್ಟೆ. ಅಜ್ಜಿ ಕೂತರು, ನನ್ನ ಕತ್ತಿನ ದಿಂಬನ್ನೂ ಇಸಿದುಕೊಂಡು ನಿದ್ದೆ ಹೋದರು. ಉಕ್ಕಿನ ಹಗ್ಗ ಸ್ಟೂಲಿನಿಂದ ಬಿಡುವುದಿಲ್ಲವಲ್ಲ, ಉಳಿದ ದಾರಿಯುದ್ದಕ್ಕೂ ನಾನು ಅಜ್ಜಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಅರ್ಧ ಬಗ್ಗಿ ನಿಂತಿದ್ದೆ. ನೋಡಿದವರು ಅಜ್ಜಿ ನನ್ನನ್ನು ಕಟ್ಟಿಹಾಕಿ ಕರೆದುಕೊಂಡು ಹೋಗುತ್ತಿದ್ದಾರೆ ಅಂದುಕೊಂಡಿರಬೇಕು.

ಪ್ರಧಾನ ಕಚೇರಿಯ ಗೇಟಿನಲ್ಲಿ ಕಾವಲುಗಾರ ಪುಸ್ತಕ ತೆಗೆದು, "ಒಳಗೆ ತರುವ ವಸ್ತು" ಎಂಬ ಕಡೆ ಬಹಳ ಹೊತ್ತು ಯೋಚಿಸಿ, "ಲ್ಯಾಪ್‌ಟಾಪ್, ಸ್ಟೂಲು ಸಹಿತ" ಎಂದು ಬರೆದುಕೊಂಡ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಸಭಾಕೋಣೆ ಹೊಕ್ಕೆ. ಒಳಗೆ ಮೂವರು: ಗಂಭೀರ ಮುಖದ ದೊಡ್ಡ ಮೇಡಂ, ದಪ್ಪಗಿನ ಲೆಕ್ಕಾಧಿಕಾರಿ, ಉದ್ದಕ್ಕಿದ್ದ ಎಂಜಿನಿಯರು. ಮೂವರೂ ಸ್ಟೂಲನ್ನು ನೋಡಿದರು. ಮರ್ಯಾದಸ್ಥರು, ಏನೂ ಕೇಳಲಿಲ್ಲ.

"ಪ್ರೊಜೆಕ್ಟರಿಗೆ ಜೋಡಿಸಿ," ಅಂದರು ಎಂಜಿನಿಯರು ವೈರು ಚಾಚಿ.

"ಆಗಲ್ಲ ಸರ್. ತೂತುಗಳಿಗೆಲ್ಲ ಬಿರಡೆ ಜಡಿದಿದ್ದೀನಿ."

"ಸರಿ, ಇಲ್ಲೇ ನೋಡ್ತೀವಿ," ಅಂದರು ದೊಡ್ಡ ಮೇಡಂ. ಮೂವರೂ ಮೇಜಿನ ಸುತ್ತ ಬಗ್ಗಿದರು. "ಏನ್ರೀ, ಕರೆಂಟಿಲ್ವಾ? ಕಪ್ಪಗಿದೆಯಲ್ಲ!"

"ಅದು ಗುಪ್ತ ಹಾಳೆ ಮೇಡಂ. ನೇರ ಎದುರಿಗೆ, ತಗ್ಗಿನಲ್ಲಿ ಕೂತೋರಿಗೆ ಮಾತ್ರ ಕಾಣತ್ತೆ."

"ತೆಗೀರಿ ಅದನ್ನ."

"ಪೈಪಿನ ಅಂಟು ಹಾಕಿದ್ದೀನಿ ಮೇಡಂ."

ಮೂವರೂ ತಗ್ಗಿನ ಆಸನಕ್ಕಾಗಿ ಕೋಣೆಯ ಸುತ್ತ ಕಣ್ಣಾಡಿಸಿದರು. ಅಲ್ಲಿದ್ದ ಆಫೀಸು ಕುರ್ಚಿಗಳೆಲ್ಲ ಸಿಂಹಾಸನದ ಎತ್ತರದವು. ತಗ್ಗಿನ ಆಸನ ಅಂತ ಇದ್ದದ್ದು ಒಂದೇ. ನಾನು ಸೆರಗಿನಿಂದ ಸ್ಟೂಲು ಒರೆಸಿ ಮುಂದಿಟ್ಟೆ.

ಆಮೇಲೆ ನಡೆದದ್ದನ್ನು ಹೇಗೆ ಬಣ್ಣಿಸಲಿ! ಕಂಪನಿಯ ಮೂವರು ಮಹಾನುಭಾವರು ಸರದಿಯಲ್ಲಿ ನಿಂತು, ನನ್ನ ಗಂಡನ ಸ್ಟೂಲಿನ ಮೇಲೆ ಒಬ್ಬೊಬ್ಬರಾಗಿ ಕೂತು, ಒಂದೊಂದು ಪುಟ ಓದಿ, ಎದ್ದು, ಮತ್ತೆ ಸರದಿಯ ಕೊನೆಗೆ ಹೋಗಿ ನಿಲ್ಲುತ್ತಿದ್ದರು! ಲೆಕ್ಕಾಧಿಕಾರಿ ಕೂತಾಗ ಸ್ಟೂಲು ನರಳಿತು. ಎಂಜಿನಿಯರರ ಮಂಡಿ ಗಲ್ಲಕ್ಕೆ ತಾಗಿತು. ನಾಲ್ಕನೇ ಪುಟದ ಹೊತ್ತಿಗೆ ಮೂವರೂ ಬೆವರುತ್ತಿದ್ದರು. ಪುಟ ಇನ್ನೂ ಮೂವತ್ತಾರಿದ್ದವು.

ಐದನೇ ಪುಟಕ್ಕೆ ದೊಡ್ಡ ಮೇಡಂ ಸರದಿ. ಅದರ ತಲೆಬರಹ: "ಮಾಲೀಕನ ಹೊರತು ಯಾರೂ ತೆಗೆಯಲಾಗದ ಬೀಗ." ಅವರು ಓದುತ್ತಾ, ಸುಮ್ಮನೆ ಕೈಗೆ ಸಿಕ್ಕಿದ ನಂಬರ್ ಲಾಕಿನ ಗಾಲಿ ತಿರುಗಿಸುತ್ತಿದ್ದರು. ಸೊನ್ನೆ. ಸೊನ್ನೆ. ಸೊನ್ನೆ.

ಟಪ್ ಎಂದು ಲಾಕು ಕಳಚಿ ಅವರ ಮಡಿಲಿಗೆ ಬಿತ್ತು.

"ಹೊಸ ನಂಬರು ಹಾಕೋವಾಗ ಪಕ್ಕದ ಸಣ್ಣ ಗುಂಡಿ ಒತ್ತಬೇಕಿತ್ತು," ಅಂದರು ದೊಡ್ಡ ಮೇಡಂ ಶಾಂತವಾಗಿ. "ಒತ್ತದಿದ್ರೆ ಅಂಗಡೀಲಿ ಇದ್ದ ಸೊನ್ನೆನೇ ಇರತ್ತೆ. ಚೀಟೀಲಿ ಬರ್ದಿರ್ತಾರಲ್ಲ?"

ಭೂಮಿ ಬಾಯಿ ಬಿಡಲಿ ಎಂದು ಕಾದೆ. ಅದಕ್ಕೂ ಯಾರೋ ಬೀಗ ಹಾಕಿದ್ದರು. ಇನ್ನು ಮುಚ್ಚಿಟ್ಟು ಏನು ಪ್ರಯೋಜನವೆಂದು ಬೆಳಗಿನ ಕಥೆಯನ್ನೆಲ್ಲ ಒಪ್ಪಿಸಿಬಿಟ್ಟೆ: ಸ್ಟೂಲು, ಗರಗಸ, ಎಂಟು ಶರ್ಟು, ಬಸ್ಸು, ಅಜ್ಜಿ, ನಿಂತು ಹೊಲಿಯುತ್ತಿರುವ ಗಂಡ, ಎಲ್ಲ. ಮೂವರೂ ನನ್ನನ್ನು ಹೊರಗೆ ಕೂರಲು ಹೇಳಿದರು. ಒಳಗೆ ಮೊದಲು ಪಿಸುಮಾತು, ಆಮೇಲೆ ನಗು, ಆಮೇಲೆ ಮೇಜು ಬಡಿಯುವ ಸದ್ದು. ನನ್ನ ಕಣ್ಣ ಮುಂದೆ ಒಂಬತ್ತು ಗಂಟೆಯ ದಾರಿ ಹಾವಿನಂತೆ ಬಿಚ್ಚಿಕೊಳ್ಳುತ್ತಿತ್ತು.

ಅರ್ಧ ಗಂಟೆ ಕಳೆದು ಕರೆದರು.

"ನೀವು ಆ ಊರಲ್ಲೇ ಇರ್ತೀರಿ," ಅಂದರು ದೊಡ್ಡ ಮೇಡಂ.

ನಾನು ಮೇಜು ಹಿಡಿದುಕೊಂಡೆ. "ಹಾಗಾದ್ರೆ ನನ್ನ ವರದಿ ಮೆಚ್ಚಿಗೆ ಆಯ್ತಾ ಮೇಡಂ?"

"ವರದೀನ ಯಾರಮ್ಮ ಪೂರ್ತಿ ಓದಿದ್ರು? ನನ್ನ ಸೊಂಟ ಹಿಡ್ಕೊಂಡಿದೆ. ಆದ್ರೆ ಒಂದು ನೋಡಿದ್ವಿ. ಬೀಗ ಕೆಟ್ಟಿದೆ, ಸರಕು ಭಾರ, ಗಾಡಿ ರಶ್ಶು, ಜೊತೆಗೊಂದು ಅಜ್ಜಿ. ಆದ್ರೂ ಹನ್ನೊಂದಕ್ಕೆ ಐದು ನಿಮಿಷ ಮುಂಚೆ, ಒಂದು ಗೀರೂ ಬೀಳದ ಹಾಗೆ ತಂದು ಮುಟ್ಟಿಸಿದ್ದೀರಿ. ನಮ್ಮ ಲಾರಿಗಳು ಯಾವತ್ತೂ ಹಾಗೆ ಬಂದಿಲ್ಲ. ಅದಕ್ಕೇ ಹೊಸದೊಂದು ಹುದ್ದೆ ಹುಟ್ಟಿಸಿ ನಿಮ್ಮನ್ನ ನಿಮ್ಮೂರಿನ ಸಾಗಣೆ ವಿಭಾಗದ ಮೇಲ್ವಿಚಾರಕಿ ಮಾಡ್ತಿದ್ದೀವಿ."

"ಮತ್ತೆ ಭದ್ರತಾ ಅಧಿಕಾರಿ ಹುದ್ದೆ?"

ಮೂವರೂ ಒಟ್ಟಿಗೆ, ಒಂದೇ ದನಿಯಲ್ಲಿ ಹೇಳಿದರು: "ಅದರ ಹತ್ತಿರ ನೀವು ಸುಳಿಯೋ ಹಾಗಿಲ್ಲ!"

ಹೊರಗೆ ಬಂದು ಮನೆಗೆ ಫೋನ್ ಹಚ್ಚಿದೆ.

"ರೀ! ಊರು ಬಿಡಬೇಕಾಗಿಲ್ಲ ರೀ! ನಾನೀಗ ಸಾಗಣೆ ಮೇಲ್ವಿಚಾರಕಿ!"

ಆ ಕಡೆ ಹೊಲಿಗೆ ಯಂತ್ರ ಟಕ್ಕನೆ ನಿಂತಿತು. ಮೂಗು ಒರೆಸಿಕೊಂಡ ಸದ್ದು ಕೇಳಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ಏನಾದರೂ ಪ್ರೀತಿಯ ಮಾತು ಆಡುತ್ತಾರೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

ಸೂಜಿ ತೆಗೆದಿಟ್ಟ ಸದ್ದಾಯಿತು.

"ಬಹಳ ಸಂತೋಷ, ಮೇಲ್ವಿಚಾರಕಿಯವರೇ," ಅಂದರು. "ಹಾಗಾದ್ರೆ ನಿಮ್ಮ ಇಲಾಖೆಯ ಮೊದಲ ಸರಕು ಸಂಜೆ ಆರರೊಳಗೆ ಇಲ್ಲಿಗೆ ಬಂದು ಮುಟ್ಟಲಿ. ಇನ್ನೂ ಐದು ಶರ್ಟು ಬಾಕಿ ಇದೆ, ನಾನು ಒಂಟಿ ಕಾಲಲ್ಲಿ ಹೊಲೀತಿದ್ದೀನಿ!"